ಯಜಮಾನರಿಗೆ ಏನೂ ಗೊತ್ತಿಲ್ಲ

"ಈ ಗೋಡೆಗೆ ದಾಹ ತೀರೋದು ಯಾವ ಜನ್ಮಕ್ಕೆ?"

ಬಣ್ಣ ಬಳಿಯುವವನು ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಹೆಂಡತಿ ಇದ್ದಳು, ಆದರೆ ಅವಳ ಬಾಯಿಗೆ ಬಟ್ಟೆ ಕಟ್ಟಿತ್ತು. ಬೆಳಗಿನಿಂದ ಉಪ್ಪುಕಾಗದದಲ್ಲಿ ಗೋಡೆ ತಿಕ್ಕಿ ತಿಕ್ಕಿ ರೆಪ್ಪೆಯ ಮೇಲೆಲ್ಲ ಪುಟ್ಟಿಯ ಪುಡಿ. ಇಪ್ಪತ್ತು ವರ್ಷ ಹೀಗೇ ತಿಕ್ಕಿ ಅವಳ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಗಂಡನ ಅಂಗೈಯನ್ನು ಸುಣ್ಣ ತಿಂದಿತ್ತು. ಗೋಡೆಗೂ ಅವನ ಕೈಗೂ ಒಂದೇ ಕಾಯಿಲೆ, ಬಿರುಕು. ಗೋಡೆಗಾದರೆ ಮೂರು ವರ್ಷಕ್ಕೊಮ್ಮೆ ಉಪಚಾರವಿತ್ತು.

ಯಜಮಾನರು ಕಾಗದ ಹಿಡಿದು ಬಂದರು. ಈ ಮನೆಯನ್ನು ಅವರು ಆಸ್ಪತ್ರೆಯ ಆಯಾ ಒಬ್ಬಳಿಗೆ ಮಾರುತ್ತಿದ್ದರು. ಮೂವತ್ತು ವರ್ಷ ಕಂಡವರ ಮಲಮೂತ್ರ ಬಳಿದು ಕೂಡಿಸಿದ್ದನ್ನೆಲ್ಲ ಅವಳು ಈ ಎರಡು ಕೋಣೆಗೆ ಸುರಿಯುವವಳಿದ್ದಳು. ಮಾರುವವರು ತಮಗೆ ಗೊತ್ತಿರುವ ದೋಷವನ್ನೆಲ್ಲ ಬರೆದುಕೊಡಬೇಕೆಂದು ಕಾನೂನು. ಗೊತ್ತಿದ್ದೂ ಮುಚ್ಚಿಟ್ಟರೆ ಮಾರಾಟವೇ ಬಿದ್ದುಹೋಗುತ್ತದೆ.

ತೇವ ಇದೆಯೇ? ಗೊತ್ತಿಲ್ಲ. ಬಿರುಕು? ಗೊತ್ತಿಲ್ಲ. ಸೋರಿಕೆ? ಗೊತ್ತಿಲ್ಲ. ಯಜಮಾನರ ಅಕ್ಷರ ಮುತ್ತಿನಂತಿತ್ತು, ಸಹಿಗೆ ಉದ್ದ ಬಾಲವಿತ್ತು.

"ಅಲ್ಲ ಯಜಮಾನ್ರೇ, ನಿಮಗೆ ಗೊತ್ತಿಲ್ದೆ ಈ ಬೀದೀಲಿ ಎಲೆ ಅಲ್ಲಾಡಲ್ಲ. ಇದು ಗೊತ್ತಿಲ್ವಾ?"

"ಗೊತ್ತಿಲ್ಲ ಅನ್ನೋದು ಸುಳ್ಳಲ್ಲಪ್ಪ, ವಿನಯ. ಎಲ್ಲ ಗೊತ್ತಿರೋನು ಮೇಲಿರೋನೊಬ್ಬನೇ. ಕೆಳಗೆ ನೀನೊಂದು ಸಹಿ ಹಾಕು. ಗೋಡೆ ಕೆರೆದು ನೋಡಿದೆ, ತೇವ ಕಾಣಲಿಲ್ಲ ಅಂತ. ನಿನ್ನ ಹೆಂಡತೀದು ಒಂದು ಹೆಬ್ಬೆಟ್ಟು."

"ನಾಳೆ ಉದುರಿದ್ರೆ?"

"ನೋಡಿದೋನು ನೀನು. ನಿನ್ನನ್ನೇ ಕೇಳ್ತಾರೆ." ಯಜಮಾನರು ನಕ್ಕರು. "ನನ್ನ ಇನ್ನೂ ನಾಲ್ಕು ಮನೆ ಬಣ್ಣಕ್ಕೆ ಕಾದಿವೆ. ಯೋಚನೆ ಮಾಡು."

ನಾಲ್ಕು ಮನೆ ಅಂದರೆ ವರ್ಷದ ಅನ್ನ. ಅವನು ಪೆನ್ನು ತೆಗೆದುಕೊಂಡ. ಹೆಂಡತಿ ಬಾಯಿಯ ಬಟ್ಟೆ ಕೆಳಗಿಳಿಸಿದಳು.

"ನನ್ನ ಹೆಬ್ಬೆಟ್ಟಲ್ಲಿ ಗೆರೇನೇ ಇಲ್ಲ ಯಜಮಾನ್ರೇ. ಒತ್ತಿದ್ರೆ ಬೊಟ್ಟು ಬೀಳುತ್ತೆ. ಬೇಕಾದ್ರೆ ಎರಡು ಬೊಟ್ಟು ಇಟ್ಟುಕೊಡ್ತೀನಿ, ಶೋಭೆಯಾಗಿರುತ್ತೆ."

ಅಷ್ಟರಲ್ಲಿ ಆಯಾ ಬಂದಳು. ಮಂಚ ಯಾವ ಗೋಡೆಗೆ ಹಾಕಬೇಕೆಂದು ನೋಡಬೇಕಿತ್ತಂತೆ. ಜ್ವರದವರ ಹಣೆ ಮುಟ್ಟುವಂತೆ ಗೋಡೆಗೆ ಕೈಯ ಹಿಂಭಾಗ ಒತ್ತಿದಳು.

"ಇದು ಬೆವರ್ತಿದೆಯಲ್ಲಣ್ಣ."

"ಪುಟ್ಟಿಗೆ ಅಂತ ನೀರು ಎರಚಿದಾರೆ ತಾಯಿ," ಅಂದರು ಯಜಮಾನರು. "ತೇವದ ವಿಷಯ ನನಗೆ ಕನಸಲ್ಲೂ ಗೊತ್ತಿಲ್ಲ."

ಹೆಂಡತಿ ಅದೇ ಗೋಡೆಯನ್ನು ಮತ್ತೆ ತಿಕ್ಕತೊಡಗಿದಳು. ಹಳೆಯ ಪದರಗಳೆಲ್ಲ ಒಟ್ಟಿಗೆ ರೊಟ್ಟಿಯಂತೆ ಕಳಚಿ ಬಿದ್ದವು. ಅಡಿಯ ಬರಿಗೋಡೆಯಲ್ಲಿ ಪೆನ್ಸಿಲ್ ಗೆರೆಗಳು. ಗಂಡ ಬಣ್ಣ ಬಳಿಯುವ ಮೊದಲು ತೇವ ಏರಿದ ಮಟ್ಟಕ್ಕೆ ಗೆರೆ ಎಳೆದು ತಾರೀಖು ಹಾಕುತ್ತಿದ್ದ, ಮಗುವಿನ ಎತ್ತರ ಗುರುತಿಟ್ಟಂತೆ. ಪಾದಕ್ಕೊಂದು, ಮೊಣಕಾಲಿಗೊಂದು, ಸೊಂಟಕ್ಕೊಂದು. ಮಗು ಚೆನ್ನಾಗಿ ಬೆಳೆದಿತ್ತು.

ಪ್ರತಿ ಗೆರೆಯ ಪಕ್ಕದಲ್ಲೂ ಉದ್ದ ಬಾಲದ ಒಂದು ಸಹಿ.

ಯಜಮಾನರಿಗೆ ಕೆಲಸದವರ ಮೇಲೆ ನಂಬಿಕೆಯಿಲ್ಲ. ಒಂದು ಕೋಟ್ ಬಳಿದು ಎರಡು ಅನ್ನುವ ಕಳ್ಳರೆಂದು, ಪ್ರತಿ ಸಲವೂ ಬರಿಗೋಡೆಗೆ ತಾವೇ ಸಹಿ ಹಾಕುವರು. ಬಣ್ಣ ಒಣಗಿದ ಮೇಲೆ ಕನ್ನಡಕ ಏರಿಸಿ ಬಂದು, ಸಹಿ ಪೂರ್ತಿ ಮುಳುಗಿದೆಯೇ ನೋಡುವರು. ಬಾಲದ ತುದಿ ಕಂಡರೂ ಇನ್ನೊಂದು ಕೋಟ್.

"ಅಕ್ಕಾ, ನನಗೆ ಓದೋಕೆ ಬರಲ್ಲ," ಅಂದಳು ಹೆಂಡತಿ, ಮುಗ್ಧೆಯಂತೆ. "ಇದು ಯಾರ ಹೆಸರು ಸ್ವಲ್ಪ ನೋಡಿ."

ಯಜಮಾನರು ಸಹಿ ಮಾಡಿದ್ದ ಕಾಗದವನ್ನು ಆಯಾ ತೆಗೆದುಕೊಂಡು ಗೋಡೆಯ ಪಕ್ಕ ಹಿಡಿದಳು. ಅಲ್ಲೂ ಅದೇ ಬಾಲ, ಇಲ್ಲೂ ಅದೇ ಬಾಲ.

"ಮೂರು ಸಲ ಇಲ್ಲೇ ಬಗ್ಗಿ ಸಹಿ ಹಾಕಿದ್ದೀರಿ. ಕಣ್ಣು ಮುಚ್ಚಿಕೊಂಡು ಹಾಕಿದ್ರಾ ಸ್ವಾಮಿ?"

"ಅದು ಕೋಟ್ ಲೆಕ್ಕಕ್ಕಮ್ಮ, ತೇವಕ್ಕಲ್ಲ..."

ಯಾರೂ ಬಳಿಯದೆಯೇ ಯಜಮಾನರ ಮುಖಕ್ಕೆ ಸುಣ್ಣ ಬಂತು.

"ಫೋನು ಹೊರಗೆ ಚೀಲದಲ್ಲಿದೆ. ತಂದು ಫೋಟೋ ತೆಗೀತೀನಿ. ಕಾನೂನು ಬಲ್ಲವರು ನೋಡಲಿ," ಅಂದು ಆಯಾ ಬಾಗಿಲ ಕಡೆ ನಡೆದಳು.

ಯಜಮಾನರು ಬ್ರಷ್ ಎತ್ತಿ ಬಣ್ಣ ಬಳಿಯುವವನ ಕೈಗೆ ತುರುಕಿದರು. ಅವರ ದನಿ ಇಷ್ಟು ಮೆತ್ತಗಾದದ್ದನ್ನು ಅವನು ಕೇಳಿರಲಿಲ್ಲ.

"ಬೇಗ ಬಳಿಯಪ್ಪ. ಒಂದೇ ಕೋಟ್ ಸಾಕು. ನಾಲ್ಕು ಮನೇನೂ ನಿನಗೇ."

ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿ, ಅದರ ಮೇಲೆ ಕೂತಳು. ಅವನು ಬ್ರಷ್ ನೆಲಕ್ಕಿಟ್ಟ.

"ಬಳಿಯಲ್ಲ."