ಮೈಲುತುತ್ತಿನ ನೀರು ಮತ್ತು ಪೂಜಿತಾಳ ಮೀಟರ್

ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಪೂಜಿತಾಳ ಮೀಟರ್ ಕೂಗಿತು. ಪರೀಕ್ಷಕಿ ಝುಲೈಖಾ ಗಡಿಯಾರ ನೋಡಿ, "ನಾನು ಒಂದು ಹನಿಯೂ ತೆಗ್ದಿಲ್ಲ," ಎಂದರು.

ಕಡಬದ ಒಂದು ಶೆಡ್ಡಿನಲ್ಲಿ ಮೀಟರಿನ ಪರೀಕ್ಷೆ ನಡೆಯುತ್ತಿತ್ತು. ಯುರೇನಿಯಂ ಸಂಸ್ಕರಣಾ ಘಟಕದ ಕೊಳವೆಯಿಂದ ಯಾರಾದರೂ ದ್ರಾವಣ ಕದ್ದರೆ ತಿಳಿಸಬೇಕಾದ ಯಂತ್ರ ಅದು. ಕೊಳವೆಯನ್ನು ಕೊರೆಯುವಂತಿಲ್ಲ, ಹೊರಗಿನಿಂದ ಪಟ್ಟಿ ಬಿಗಿದು, ಒಳಗೆ ಶಬ್ದ ಹಾಯಿಸಿ ಹರಿವನ್ನು ಅಳೆಯಬೇಕು. ಪುತ್ತೂರಿನ ಬಾಡಿಗೆ ಕೋಣೆಯಲ್ಲಿ ಪೂಜಿತಾ ನಾಲ್ಕು ವರ್ಷ ಅದರ ಹಿಂದೆ ಬಿದ್ದಿದ್ದಳು. ಯುರೇನಿಯಂ ಬದಲು ಇಲ್ಲಿ ಹರಿಯುತ್ತಿದ್ದುದು ಮೈಲುತುತ್ತು ಕರಗಿಸಿದ ನೀಲಿ ನೀರು. ಝುಲೈಖಾ ಗುಟ್ಟಾಗಿ ಕದಿಯಬೇಕು, ಮೀಟರ್ ಹಿಡಿಯಬೇಕು. ಒಂದೇ ಒಂದು ಸುಳ್ಳು ಕೂಗು ಬಂದರೂ ಯಂತ್ರ ತಿರಸ್ಕೃತ.

"ಹಾಗಾದ್ರೆ ಮುಗೀತು, ಅಲ್ವಾ?" ಝುಲೈಖಾ ಪೆನ್ನು ತೆಗೆದರು.

"ಒಂದು ನಿಮಿಷ, ಮೇಡಂ." ಪೂಜಿತಾ ಪರದೆಯನ್ನು ಮತ್ತೆ ಓದಿದಳು. ಹರಿವು ಒಂದಿಷ್ಟೂ ತಗ್ಗಿರಲಿಲ್ಲ. ಶಬ್ದ ಕೊಳವೆ ದಾಟುವ ಹೊತ್ತು ಮಾತ್ರ ಬದಲಾಗಿತ್ತು. "ಕಡಿಮೆ ಆಗಿಲ್ಲ. ಒಳಗೆ ಹೋಗ್ತಾ ಇರುದು ಬೇರೆ ದ್ರವ."

"ನಿಮ್ಮ ಮೀಟರ್ ತಪ್ಪು ಅಂತ ಒಪ್ಪುದು ಕಷ್ಟ, ನಂಗೆ ಗೊತ್ತುಂಟು."

"ತಪ್ಪಿಲ್ಲ. ಟ್ಯಾಂಕ್ ತೆಗೆದು ನೋಡುವ."

ಮುಚ್ಚಳ ಎತ್ತಿದರೆ, ಬೆಳಿಗ್ಗೆ ಗಾಜಿನಂತಿದ್ದ ನೀರು ಆಕಾಶಬಣ್ಣದ ಗಂಜಿಯಾಗಿತ್ತು. ಪಕ್ಕದಲ್ಲಿ ಪೋಕರ್ ಬಕೆಟ್ ತೊಳೆಯುತ್ತಿದ್ದರು. ಆಲೆಟ್ಟಿಯ ಅಡಿಕೆ ತೋಟಗಳಿಗೆ ನಲವತ್ತು ವರ್ಷ ಕೊಳೆರೋಗದ ಮದ್ದು ಸಿಂಪಡಿಸಿದವರು. ಪಂಪು, ಟ್ಯಾಂಕು ಎರಡೂ ಅವರದೇ.

"ಪೋಕರಾಕ, ಇದಕ್ಕೆ ಎಂತ ಹಾಕಿದ್ದು?" ಪೂಜಿತಾ ಕೇಳಿದಳು.

"ಸುಣ್ಣ. ನೀವು ಮರ್ತಿದ್ರಿ, ನಾನೇ ಕಲಸಿ ಹಾಕಿದೆ. ಸುಣ್ಣ ಇಲ್ಲದ ತುತ್ತು ಬಿಟ್ರೆ ಅಡಿಕೆಯ ಹೂ, ಸಿಂಗಾರ, ಸುಟ್ಟೇ ಹೋಗ್ತದೆ ಮಾರಾಯ್ರೆ!"

"ಇಲ್ಲಿ ಸಿಂಗಾರ ಎಲ್ಲುಂಟು?"

"ಅದು ನಂಗೆ ಹೇಗೆ ಗೊತ್ತು? ಓದಿದವರು ನೀವು."

ಝುಲೈಖಾ ನಕ್ಕೇಬಿಟ್ಟರು. ಕದ್ದಷ್ಟೇ ಬೇರೇನನ್ನೋ ಸುರಿದು ಅಳತೆ ಸರಿದೂಗಿಸುವ ಕಳ್ಳ ತಮ್ಮ ಪರೀಕ್ಷಾ ಪಟ್ಟಿಯಲ್ಲಿ ಇರಲೇ ಇಲ್ಲ ಎಂದು ಒಪ್ಪಿಕೊಂಡರು. "ನಾನು ಇಡದ ಪರೀಕ್ಷೆಯಲ್ಲೂ ಪಾಸಾಯ್ತಲ್ಲ ಇದು!"

ಟ್ಯಾಂಕ್ ತೊಳೆದು ಹೊಸ ದ್ರಾವಣ ತುಂಬಿದರು. ಮಧ್ಯಾಹ್ನ ಎರಡು ಹತ್ತಕ್ಕೆ ಝುಲೈಖಾ ಮೂರು ಲೀಟರ್ ಕದ್ದರು. ಹತ್ತೊಂಬತ್ತನೇ ಸೆಕೆಂಡಿಗೆ ಮೀಟರ್ ಕೂಗಿತು. ಪೂಜಿತಾ ಎರಡೂ ಕೈ ಮೇಲೆತ್ತಿ ಶೆಡ್ಡಿನ ತುಂಬ ಕುಣಿದಳು.

ಏಳು ವಾರಗಳ ನಂತರ ಮೀಟರನ್ನು ಯುರೇನಿಯಂ ಘಟಕವೊಂದರ ಕೊಳವೆಗೆ ಬಿಗಿಯಲಾಯಿತು.