ಆಗಸ್ಟ್ ಚೌಕದ ಹಳದಿ ರೇಷ್ಮೆ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಬೊಡಿಲಳನ್ನೇ ಕೇಳಿದೆ. ಕತೆ ಅವಳದು, ಕೇಳುವುದು ನ್ಯಾಯ.

"ಫ್ರೀಜರಿಂದ ಶುರು ಮಾಡು," ಅಂದಳು.

ಮಾಡಿದೆ. ಮೊದಲ ಕರಡು ಹೀಗಿತ್ತು: "ಅಕ್ಸೆಲ್ ನೆಲಮಾಳಿಗೆಗೆ ಇಳಿದು, ಮೀನು ತರೋಣವೆಂದು ಫ್ರೀಜರಿನ ಮುಚ್ಚಳ ಎತ್ತಿದರೆ ಒಳಗೆಲ್ಲ ಬಟ್ಟೆ." ವಾಕ್ಯ ಕೆಟ್ಟದ್ದೇನಲ್ಲ. ಆದರೆ ಅದರ ಬೆನ್ನಿಗೇ, ಆ ಫ್ರೀಜರ್ ಕೆಟ್ಟು ಆರು ವರ್ಷವಾಗಿತ್ತು, ಎಸೆಯುವ ಬದಲು ಬೊಡಿಲ್ ಅದರಲ್ಲಿ ಬಟ್ಟೆ ಪೇರಿಸಿಟ್ಟಿದ್ದಳು, ಅದು ಗಂಡ ಅಕ್ಸೆಲನಿಗೂ ಗೊತ್ತಿತ್ತು, ಆದರೂ ಅಭ್ಯಾಸಬಲದಿಂದ ಅದನ್ನೇ ತೆಗೆಯುತ್ತಿದ್ದ ಎಂದೆಲ್ಲ ವಿವರಿಸಬೇಕಾಯಿತು. ಒಂದು ಪುಟ ಬರೀ ಫ್ರೀಜರ್. ಕೈಬಿಟ್ಟೆ.

ಎರಡನೆಯ ಕರಡು ಬೊಡಿಲ್ ಮಗಳಿಗೆ ಹೇಳಿದ "ಇಲ್ಲ" ಎಂಬ ಒಂದೇ ಮಾತಿನಿಂದ ಶುರುವಾಗುತ್ತಿತ್ತು. ಭಾರಿ ಚೆನ್ನಾಗಿತ್ತು. ಆಮೇಲೆ ನೆನಪಾಯಿತು, ಅವಳು "ಇಲ್ಲ" ಅನ್ನಲೇ ಇಲ್ಲ. (ಏನಂದಳು ಎಂಬುದು ಐದನೆಯ ಭಾಗದಲ್ಲಿದೆ. ದಯವಿಟ್ಟು ಹಾರಿಸಿಕೊಂಡು ಹೋಗಬೇಡಿ, ನಡುವೆ ಹತ್ತು ಟೊಮೆಟೊ ಇವೆ.)

೨

ಬೊಡಿಲ್‌ಗೆ ಅರವತ್ತನಾಲ್ಕು. ನಮ್ಮದು ಡೆನ್ಮಾರ್ಕಿನಲ್ಲಿ ಲಿಮ್‌ಫ್ಯೋರ್ಡ್ ಎಂಬ ಕಡಲಕೊಲ್ಲಿಯ ದಡದ ಒಂದು ಸಣ್ಣ ಊರು. ಊರಿನ ಹೆಸರು ಹಾಕಬೇಡ, ನಾನಿನ್ನೂ ಇಲ್ಲೇ ಬದುಕಬೇಕು ಎಂದಿದ್ದಾಳೆ. ಮೂವತ್ತೊಂದು ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಬಿಳಿ ಕೋಟು ತೊಟ್ಟು ಕೂತು, ಕೆನ್ನೆ ಊದಿಸಿಕೊಂಡು ಬಂದವರನ್ನೆಲ್ಲ ಸಮಾಧಾನ ಮಾಡಿ, ಹೋದ ವರ್ಷದ ಕೊನೆಗೆ ನಿವೃತ್ತಳಾದಳು. ಅಷ್ಟೂ ವರ್ಷ ಬಟ್ಟೆ ಕೊಳ್ಳುತ್ತಲೇ ಇದ್ದಳು. ಹೊಲಿದದ್ದು ಮಾತ್ರ ಬೇರೆಯವರಿಗೆ. ದಿನವಿಡೀ ಬಿಳಿ ಕೋಟಿನಲ್ಲಿರುವವಳಿಗೆ ಅವಸರವೇನು ಎಂದು ತನ್ನದನ್ನು ಮುಂದಕ್ಕೆ ಹಾಕುತ್ತಿದ್ದಳು.

ನಾನು ಪಕ್ಕದ ಮನೆಯವಳು, ಹತ್ತೊಂಬತ್ತು ವರ್ಷದಿಂದ. ನನಗೆ ಹೊಲಿಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಬೊಡಿಲ್‌ಗೆ ಕನ್ನಡ ಬರುವುದಿಲ್ಲ. ಹಾಗಾಗಿ ಬರೆದದ್ದನ್ನೆಲ್ಲ ಅವಳ ಅಡುಗೆಮನೆಯಲ್ಲಿ ಕೂತು ಅವಳ ಭಾಷೆಯಲ್ಲಿ ಒಪ್ಪಿಸಬೇಕು. ಕೆಲವು ಕಡೆ ಜಾರಿಕೊಳ್ಳಲು ನೋಡುತ್ತೇನೆ. ಆಗ ಅವಳು ಕೊರಳಲ್ಲಿ ನೇತಾಡುವ ಅಳತೆ ಟೇಪನ್ನು ತೆಗೆದು ನನ್ನ ಹಾಳೆಯ ಮೇಲಿಡುತ್ತಾಳೆ.

"ಹದಿನಾಲ್ಕು ಸೆಂಟಿಮೀಟರ್ ಬರ್ದಿದ್ದೀಯ. ನೀನು ಹೇಳಿದ್ದು ನಾಲ್ಕೂ ಆಗಲ್ಲ. ಮಿಕ್ಕಿದ್ದರಲ್ಲಿ ಏನಿದೆ?"

(ಮಿಕ್ಕಿದ್ದರಲ್ಲಿ ಅವಳ ಸೊಂಟದ ವಿಚಾರವಿತ್ತು. ಹೊಡೆದುಹಾಕಿದ್ದೇನೆ.)

೩

ಜನವರಿ ಒಂದನೇ ತಾರೀಖು ಅವಳ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು, ನಾನು, ಅವಳು, ಅಕ್ಸೆಲ್. ಬೊಡಿಲ್ ಎದ್ದು ನಿಂತಳು.

"ಈ ವರ್ಷ ಒಂದು ಮೀಟರ್ ಬಟ್ಟೆನೂ ಹೊರಗಿಂದ ತರಲ್ಲ. ಮನೇಲಿರೋದ್ರಲ್ಲೇ ತಿಂಗಳಿಗೊಂದು ಹೊಲೀತೀನಿ. ಹನ್ನೆರಡೂ ನಂಗೇ. ದಾರ, ಜಿಪ್ಪು, ಗುಂಡಿ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಫ್ರೀಜರ್ ಖಾಲಿಯಾಗತ್ತೆ," ಅಂದ ಅಕ್ಸೆಲ್.

"ಅದು ಕೆಟ್ಟಿದೆ, ಅಕ್ಸೆಲ್."

"ಗೊತ್ತು. ಖಾಲಿಯಾದ್ರೆ ಎಸೀಬಹುದಲ್ಲ ಅಂತ."

ಚೌಕುಳಿ ಹಾಳೆಯಲ್ಲಿ ಹನ್ನೆರಡು ಚೌಕ ಎಳೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಒಂದೊಂದು ಚೌಕಕ್ಕೂ ಬೆರಳಗಲದ ಬಟ್ಟೆಚೂರು, ಗುಂಡುಪಿನ್ನು. ಜನವರಿಗೆ ಕಂದು ಉಣ್ಣೆಯ ಲಂಗ, ಫೆಬ್ರುವರಿಗೆ ನೀಲಿ ಲಿನನ್ ಶರಟು, ಹೀಗೆ. ಮೂರು ವಾರ ಪಿನ್ನುಗಳನ್ನು ಆ ಚೌಕದಿಂದ ಈ ಚೌಕಕ್ಕೆ ಆಡಿಸಿದಳು. ಆಡಿಸದೆ ಇದ್ದದ್ದು ಒಂದೇ. ಆಗಸ್ಟ್, ಹಳದಿ ರೇಷ್ಮೆ.

ಅದನ್ನು ಕೊಂಡಾಗ ಅವಳಿಗೆ ಮೂವತ್ಮೂರು. ಗೆಳತಿಯರ ಜತೆ ಬಸ್ಸಿನಲ್ಲಿ ಇಟಲಿಯ ಕೊಮೊ ಊರಿಗೆ ಹೋಗಿದ್ದಳು. ಚೆಂಡುಹೂವಿನ ಹಳದಿ, ಒಂದು ಮಗ್ಗುಲು ಹೊಳಪು, ಇನ್ನೊಂದು ಮಗ್ಗುಲು ಮಂಕು. ಒಳ್ಳೇ ಸಂದರ್ಭ ಬರಲಿ ಎಂದು ಎತ್ತಿಟ್ಟಳು. ಸಂದರ್ಭಗಳು ಬಂದವು. ಯಾವುದೂ ಅಷ್ಟು ಒಳ್ಳೆಯದಿರಲಿಲ್ಲವಂತೆ.

೪

ಜನವರಿ. ಅಕ್ಸೆಲ್ ಹಾಡುವ ಗಂಡಸರ ಭಜನಾಮಂಡಳಿಗೆ (ಕ್ವಾಯರ್ ಎನ್ನಬೇಕು, ಆದರೆ ಅವರು ಹಾಡುವುದನ್ನು ಕೇಳಿದವರು ನನ್ನ ಮಾತನ್ನೇ ಒಪ್ಪುತ್ತಾರೆ) ಚರ್ಚಿನಲ್ಲಿ ಕಾರ್ಯಕ್ರಮ ಬಂತು. ಎಲ್ಲರೂ ಕಂದು ಪ್ಯಾಂಟು ಹಾಕಬೇಕಿತ್ತು. ಬೊಡಿಲಳ ಲಂಗ ಅಕ್ಸೆಲನ ಪ್ಯಾಂಟಾಯಿತು.

ಫೆಬ್ರುವರಿ. ನೀಲಿ ಲಿನನ್ ಎಲ್ಲಿ ಹೋಯಿತು ಎಂದು ಕೇಳಬೇಡಿ.

(ನನ್ನ ಅಡುಗೆಮನೆ ಕಿಟಕಿಗೆ ಹೋಯಿತು. ಪರದೆ ಹರಿದಿದೆ ಎಂದು ಸುಮ್ಮನೆ ಹೇಳಿದ್ದೆ, ಕೇಳಿರಲಿಲ್ಲ. ಸರಿ, ಒಂದು ರೀತಿ ಕೇಳಿದ್ದೆ.)

ಮಾರ್ಚ್. ಮಗಳು ಟೀನೆ ಮದುವೆಯಾಗಲಿದ್ದ ಟ್ರೋಲ್ಸ್ ಎಂಬುವನ ಬಳಿ ಒಂದು ನಾಯಿ ಇದೆ. ಗಿಡ್ಡ ಕಾಲು, ಉದ್ದ ಮೈ. ಅದಕ್ಕೆ ಚಳಿ. ಬೊಡಿಲಳ ಚೌಕುಳಿ ಉಣ್ಣೆ ಜಾಕೆಟ್ಟಿನ ಬಟ್ಟೆಯಲ್ಲಿ ನಾಯಿಗೆ ಕೋಟಾಯಿತು. ಗಿಡ್ಡ ನಾಯಿ, ಎಷ್ಟು ಬೇಕಾದೀತು ಎಂದು ಟೀನೆ ಬಟ್ಟೆಯ ನಟ್ಟನಡುವೆ ಕತ್ತರಿ ಆಡಿಸಿಬಿಟ್ಟಿದ್ದಳು.

ಏಪ್ರಿಲ್. ಟೀನೆ ಶಿಶುವಿಹಾರದಲ್ಲಿ ಟೀಚರು. ಮಕ್ಕಳದೊಂದು ತರಕಾರಿ ನಾಟಕ. ಕೆಂಪು ಕಾರ್ಡುರಾಯ್ ಹತ್ತು ಟೊಮೆಟೊಗಳಾಯಿತು.

ಇಲ್ಲಿ ಬೊಡಿಲ್ ನನ್ನನ್ನು ತಡೆದಳು.

"ನೀನು ಬರ್ದಿರೋದು ಕೇಳಿದ್ರೆ ಎಲ್ಲಾರೂ ಸೇರಿ ನನ್ನ ದೋಚಿದ ಹಾಗಿದೆ. ನಾನೇ ಕೊಟ್ಟಿದ್ದು. ಟೊಮೆಟೊ ಹೊಲಿಯೋವಾಗ ಖುಷಿಯಾಗಿದ್ದೆ."

"ಖುಷಿಯಾಗಿದ್ದೆ ಅಂತ ಬರೆದರೆ ಕತೆಗೆ ಕಾವು ಬರಲ್ಲ," ಅಂದೆ.

"ಕಾವಿಗೆ ಬೇಕಾದ್ರೆ ಸುಳ್ಳು ಬರಿ. ಟೊಮೆಟೊ ವಿಷಯಕ್ಕೆ ಬೇಡ."

ಬರೆದಿದ್ದೇನೆ. ಅವಳು ಖುಷಿಯಾಗಿದ್ದಳು.

೫

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಏಲಕ್ಕಿ ಬನ್ನು ಇತ್ತು, ಅದರ ವಾಸನೆಗೆ ನಾನೂ ಇದ್ದೆ. ಟೀನೆ ಬಂದಳು. ಮದುವೆ ಆಗಸ್ಟಿಗೆ ಗೊತ್ತಾಗಿದೆ, ಟೌನ್‌ಹಾಲಿನಲ್ಲಿ, ಸರಳವಾಗಿ ಎಂದಳು. ಅವಳಿಗೆ ಮೂವತ್ತೊಂಬತ್ತು, ಇದು ಎರಡನೆಯ ಮದುವೆ. ಬನ್ನಿಗೆ ಬೆಣ್ಣೆ ಹಚ್ಚುತ್ತ, ಉಪ್ಪು ಕೊಡು ಅನ್ನುವಷ್ಟೇ ಸಲೀಸಾಗಿ ಹೇಳಿದಳು:

"ಅಮ್ಮ, ಆ ಹಳದಿ ರೇಷ್ಮೆ ಇದೆಯಲ್ಲ, ಅದ್ರಲ್ಲೇ ನನ್ನ ಮದುವೆ ಡ್ರೆಸ್ ಹೊಲಿದುಬಿಡು. ಬಿಳಿ ಒಂದ್ಸಲ ಹಾಕ್ಕೊಂಡಾಯ್ತು. ಅದ್ರಿಂದ ಏನಾಯ್ತು ಅಂತ ಎಲ್ಲರಿಗೂ ಗೊತ್ತು."

"ಅದು ಆಗಸ್ಟ್‌ಗೆ," ಅಂದಳು ಬೊಡಿಲ್.

"ಮದುವೆನೂ ಆಗಸ್ಟಲ್ಲೇ. ಸರಿಹೋಯ್ತಲ್ಲ."

"ಆಗಸ್ಟ್‌ಗೆ ಅಂದ್ರೆ ನಂಗೆ."

ಟೀನೆ ಬಾಗಿಲಿನ ಹಾಳೆ ನೋಡಿದಳು, ತಾಯಿಯನ್ನು ನೋಡಿದಳು.

"ಮೂವತ್ತು ವರ್ಷದಿಂದ ಹೊಲಿದಿಲ್ಲ. ಹೇಗೂ ಹೊಲಿಯಲ್ಲ ನೀನು. ಹೊಲಿದ್ರೂ ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ?"

"ನಿನ್ನ ಮದುವೆಗೆ."

ಅಕ್ಸೆಲ್ ಬಾಯಲ್ಲಿ ಒಂದು ಬನ್ನು ಇರುವಾಗಲೇ ಇನ್ನೊಂದನ್ನು ತುರುಕಿಕೊಂಡ, ಯಾರೂ ತನ್ನ ಅಭಿಪ್ರಾಯ ಕೇಳದಿರಲಿ ಎಂದು. ಟೀನೆ ತಿನ್ನದ ಬನ್ನನ್ನು ತಟ್ಟೆಯಲ್ಲಿಟ್ಟು, ಕುರ್ಚಿಯನ್ನು ನೀಟಾಗಿ ಒಳಗೆ ತಳ್ಳಿ, ಹೊರಟುಹೋದಳು. ಈ ಊರಿನಲ್ಲಿ ಕುರ್ಚಿ ನೀಟಾಗಿ ತಳ್ಳಿ ಹೋಗುವುದು ಬಾಗಿಲು ಬಡಿದುಹೋಗುವುದಕ್ಕಿಂತ ದೊಡ್ಡದು.

೬

ಇಲ್ಲಿ ನಾನು ಮೂರನೆಯ ಕರಡು ಬರೆದೆ. ಅದರಲ್ಲಿ ಬೊಡಿಲ್ ಹಳದಿ ರೇಷ್ಮೆಯನ್ನು ಕೆನ್ನೆಗೊತ್ತಿಕೊಂಡು ಅಳುತ್ತಾಳೆ, ಮಗಳ ಅಳತೆಗೇ ಕತ್ತರಿಸುತ್ತಾಳೆ. ಓದಿ ಹೇಳಿದೆ.

"ಯಾರಿದು?" ಅಂದಳು ಬೊಡಿಲ್.

"ನೀನು."

"ರೇಷ್ಮೆ ಮೇಲೆ ಅತ್ರೆ ಕಲೆಯಾಗತ್ತೆ. ಅಷ್ಟು ಬುದ್ಧಿ ನಂಗಿದೆ."

ಹರಿದುಹಾಕಿದೆ. ನಾಲ್ಕನೆಯ ಕರಡಿನಲ್ಲಿ ಅವಳನ್ನು ವೀರವನಿತೆ ಮಾಡಿದೆ. ತಾನೂ ಒಂದು ಮನುಷ್ಯಜೀವ ಎಂದು ಅರವತ್ತನಾಲ್ಕನೇ ವಯಸ್ಸಿಗೆ ಕಂಡುಕೊಂಡ ಹೆಂಗಸು, ಕೈಯಲ್ಲಿ ಕತ್ತರಿ, ಎತ್ತಿದ ತಲೆ. ಇದನ್ನು ಕೇಳಿ ಅವಳು ಅಳತೆ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟಳು. ಮೆಚ್ಚಿಕೊಂಡಳು ಎಂದುಕೊಂಡೆ.

"ಒಂದು ವಿಷಯ ನಿಂಗೆ ಹೇಳಿಲ್ಲ," ಅಂದಳು. "ಆ ವಾರ ಎರಡು ಸಲ ಅವಳಿಗೆ ಫೋನ್ ಮಾಡ್ದೆ. ತಗೋ, ನೀನೇ ಹೊಲಿಸ್ಕೋ ಅನ್ನೋಕೆ. ಎರಡು ಸಲಾನೂ ಅವಳು ಎತ್ತಲಿಲ್ಲ."

"ಎತ್ತಿದ್ದರೆ?"

"ಕೊಟ್ಟುಬಿಡ್ತಿದ್ದೆ ಕಣೇ. ಅದನ್ನ ಬರಿ."

ಓದುಗರೇ, ನನ್ನ ಸಂಕಟ ನೋಡಿ. ಇಡೀ ಕತೆ ಬೊಡಿಲಳ ದೃಢನಿರ್ಧಾರದ ಮೇಲೆ ನಿಂತಿದೆ ಎಂದುಕೊಂಡಿದ್ದೆ. ಅದು ನಿಂತಿರುವುದು ಟೀನೆ ಮುನಿಸಿಕೊಂಡು ಫೋನು ಎತ್ತದ್ದರ ಮೇಲೆ.

"ಮೂರನೇ ಸಲ ಯಾಕೆ ಮಾಡಲಿಲ್ಲ?"

ಬೊಡಿಲ್ ಪಿನ್ನಿನ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು.

"ಎರಡನೇ ಸಲ ರಿಂಗ್ ಆಗ್ತಾ ಇತ್ತಲ್ಲ, ಆಗ ಗೊತ್ತಾಯ್ತು, ಅವಳು ಎತ್ತದೇ ಇರ್ಲಿ ಅಂತ ನಾನು ಬೇಡ್ಕೋತಾ ಇದ್ದೆ."

೭

ಜೂನ್. ಬೊಡಿಲ್ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತು, ಕಿಟಕಿಯನ್ನೇ ನೋಡಿದಳು.

"ಫೆಬ್ರುವರಿ ವಾಪಸ್ ಬೇಕು," ಅಂದಳು.

ಪರದೆ ಬಿಚ್ಚಿ ಕೊಟ್ಟೆ. ಈಗ ನನ್ನ ಕಿಟಕಿ ಬೋಳು, ಬೊಡಿಲಳ ನೀಲಿ ಶರಟಿನ ಬೆನ್ನಿನ ಮೇಲೆ ನನ್ನ ಒಗ್ಗರಣೆಯ ಒಂದು ಎಣ್ಣೆಚುಕ್ಕೆ. ಅದೇ ವಾರ ಅಕ್ಸೆಲ್ ಒಂದು ವೇಸ್ಟ್‌ಕೋಟು ಕೇಳಿದ. "ಹಾಳೆಯಲ್ಲಿ ಇಲ್ಲ" ಎಂಬ ಉತ್ತರ ಬಂತು. ಅವನು ಹಾಳೆಯ ಹತ್ತಿರ ಹೋಗಿ ನಿಜಕ್ಕೂ ಹುಡುಕಿದ.

ಜುಲೈ. ರೇಷ್ಮೆಗೆ ಕತ್ತರಿ ಇಡುವ ಮುನ್ನ ಹಳೆಯ ಬೆಡ್‌ಶೀಟುಗಳಲ್ಲಿ ಮೂರು ಸಲ ಮಾದರಿ ಹೊಲಿದು ನೋಡಿದಳು. ಅವರ ಮನೆಯಲ್ಲಿ ಈಗ ಬೆಡ್‌ಶೀಟಿಗೆ ಬರ. ಕತ್ತರಿಸುವ ದಿನ ಅಕ್ಸೆಲ್ ಊಟದ ಮೇಜಿನ ಆ ತುದಿ ಹಿಡಿದ, ನಾನು ಈ ತುದಿ. ಜೋರಾಗಿ ಉಸಿರು ಬಿಡಬೇಡಿ, ಜಾರುತ್ತೆ ಎಂದಳು. ಬಿಡಲಿಲ್ಲ. ಮೂರು ಗಂಟೆ ಕತ್ತರಿಸಿದಳು. ಕೊನೆಯ ತುಂಡು ಎತ್ತಿ ಹಿಡಿದಳು, ಇನ್ನೊಂದರ ಪಕ್ಕ ಇಟ್ಟಳು, ಕುರ್ಚಿಯ ಮೇಲೆ ಕೂತಳು.

"ಎರಡೂ ಎಡಗೈದು," ಅಂದಳು.

ಎರಡು ಎಡತೋಳು ಕತ್ತರಿಸಿದ್ದಳು. ಉಳಿದ ಚೂರಿನಲ್ಲಿ ಕರವಸ್ತ್ರವೂ ಆಗುತ್ತಿರಲಿಲ್ಲ. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಆಗ ಅಕ್ಸೆಲ್, ನಲವತ್ತೆರಡು ವರ್ಷದ ದಾಂಪತ್ಯದಲ್ಲಿ ಹೊಲಿಗೆಯ ಬಗ್ಗೆ ಮೊದಲ ಸಲ ಬಾಯಿಬಿಟ್ಟ.

"ಒಂದನ್ನ ಮಗುಚಿ ಹಾಕಿದ್ರೆ ಬಲಗೈಗೆ ಬರಲ್ವಾ?"

ಬಂತು. ಆದರೆ ಆ ತೋಳಿನ ಮಂಕು ಮಗ್ಗುಲು ಹೊರಗೆ. ಹೀಗಾಗಿ ಆ ಉಡುಪಿನ ಒಂದು ತೋಳು ಹೊಳೆಯುತ್ತದೆ, ಒಂದು ಹೊಳೆಯುವುದಿಲ್ಲ. (ಇದನ್ನು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಇಷ್ಟು ಪೆದ್ದಾಗಿ ಕಟ್ಟುತ್ತಿರಲಿಲ್ಲ.)

೮

ಮದುವೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಟೌನ್‌ಹಾಲಿನ ಮೆಟ್ಟಿಲ ಹತ್ತಿರ ಸೇರಿದೆವು. ಟೀನೆ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕ ತಿಳಿಬೂದು ಡ್ರೆಸ್ಸಿನಲ್ಲಿದ್ದಳು. ಮೇ ತಿಂಗಳಿಂದ ತಾಯಿಮಗಳು ಮಾತಾಡಿದ್ದು ಊಟಕ್ಕೆ ಎಷ್ಟು ಜನ, ಕುರ್ಚಿ ಎಲ್ಲಿಂದ ತರುವುದು, ಇಷ್ಟೇ. ಬೊಡಿಲ್ ಕಾರಿನಿಂದ ಇಳಿದಳು. ಬೂದು ಕಲ್ಲಿನ ಕಟ್ಟಡ, ಬೂದು ಆಕಾಶ, ಬೂದು ವಧು, ನಡುವೆ ಚೆಂಡುಹೂವು. ಅರವತ್ತನಾಲ್ಕು ವರ್ಷದ ಹೆಂಗಸು ಅಷ್ಟು ನೆಟ್ಟಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಹೆದರಿಕೆಗೆ ಹಾಗೆ ನಡೆಯುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಮದುವೆ ಮಾಡಿಸುವ ಅಧಿಕಾರಿ ಬಾಗಿಲಿಗೆ ಬಂದು, ಸೀದಾ ಬೊಡಿಲ್ ಮತ್ತು ಅಕ್ಸೆಲ್ ಕೈಕುಲುಕಿ, "ಮದುವೆಯಾಗೋರು ನೀವಲ್ವಾ?" ಅಂದರು.

"ನಮ್ದು ಆಗ್ಹೋಗಿದೆ," ಅಂದ ಅಕ್ಸೆಲ್. "ಆದ್ರೆ ಇವತ್ತಾದ್ರೆ ಇನ್ನೊಂದ್ಸಲ ಆಗೋಕೂ ತಯಾರು."

ಯಾರೂ ನಗಲಿಲ್ಲ. ಎಲ್ಲರೂ ಟೀನೆಯನ್ನು ನೋಡುತ್ತಿದ್ದರು. ಟೀನೆ ಮೆಟ್ಟಿಲಿಳಿದು ತಾಯಿಯ ಎದುರಿಗೆ ಬಂದಳು. ತಲೆಯಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದಳು.

"ಅಮ್ಮ, ಚೆನ್ನಾಗಿ ಕಾಣ್ತಿದ್ದೀಯ. ಅದಕ್ಕೇ ನಂಗೆ ಕೋಪ ಬರ್ತಿದೆ."

"ಬರ್ಲಿ," ಅಂದಳು ಬೊಡಿಲ್.

ಟೀನೆಯ ಕಣ್ಣು ಬಲತೋಳಿನ ಮೇಲೆ ನಿಂತಿತು. ಎಡತೋಳು ನೋಡಿದಳು. ತಿರುಗಿ ಬಲತೋಳು.

"ಇದು ಉಲ್ಟಾ ಅಲ್ವಾ?"

"ಹೂಂ."

"ಫೋಟೋದಲ್ಲಿ ನಾನು ಈ ಕಡೆ ನಿಂತ್ಕೋತೀನಿ," ಎಂದು ಟೀನೆ ಆ ಮಂಕು ತೋಳನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದು ತಾಯಿಯನ್ನು ಒಳಗೆ ಕರೆದುಕೊಂಡು ಹೋದಳು. ಟ್ರೋಲ್ಸ್ ಹಿಂದೆ ಬಂದ, ನಾಯಿಯ ಜತೆ.

೯

ಈಗ ಅಕ್ಟೋಬರ್. ಮುಗಿಸಬೇಕು. ಬೊಡಿಲಳ ಮುಂದೆ ಮೂರು ಮುಕ್ತಾಯಗಳನ್ನು ಇಟ್ಟೆ.

ಒಂದು, ಫೋಟೋದಲ್ಲಿ ನಿಲ್ಲಿಸುವುದು. "ಇದೇನು ಮದುವೆ ಆಲ್ಬಮ್ಮಾ?"

ಎರಡು, ವರ್ಷಗಳ ನಂತರ ಟೀನೆ ತಾಯಿಯ ಹಳದಿ ಉಡುಪನ್ನು ಪೆಟ್ಟಿಗೆಯಿಂದ ತೆಗೆಯುತ್ತಾಳೆ. "ಅಂದ್ರೆ ನಾನು ಸತ್ತಿದ್ದೀನಿ. ಬೇಡ."

ಮೂರು, ಡಿಸೆಂಬರ್ ಮೂವತ್ತೊಂದು, ಹನ್ನೆರಡು ಚೌಕವೂ ಪೂರ್ತಿ.

"ಆಗಿರೋದು ನಾಲ್ಕು," ಅಂದಳು ಬೊಡಿಲ್. "ವರ್ಷಾನೇ ಮುಗಿದಿಲ್ಲ, ನಿಂಗ್ಯಾಕೆ ಅವಸರ?" ಅವಳು ಅಕ್ಟೋಬರಿನ ಹಸಿರು ಫ್ಲಾನಲ್ಲಿಗೆ ಪಿನ್ನು ಚುಚ್ಚುತ್ತಿದ್ದಳು. ಆಗ ಫೋನು ಬಂತು. ಎರಡೂ ಕೈಯಲ್ಲಿ ಕೆಲಸವಿದ್ದುದರಿಂದ ಮೊಣಕೈಯಲ್ಲಿ ಸ್ಪೀಕರ್ ಒತ್ತಿದಳು. ಟೀನೆ.

"ಅಮ್ಮ, ಶನಿವಾರ ನನ್ನ ಫ್ರೆಂಡ್‌ದು ನಲವತ್ತನೇ ಹುಟ್ಟುಹಬ್ಬ. ಆ ಹಳದಿ ಡ್ರೆಸ್ ಒಂದಿನಕ್ಕೆ ಕೊಡ್ತೀಯಾ? ಸೊಂಟ ದೊಡ್ಡದಾಗತ್ತೆ, ಬೆಲ್ಟ್ ಕಟ್ಕೋತೀನಿ."

ಬೊಡಿಲ್ ಪಿನ್ನು ಕೆಳಗಿಟ್ಟಳು. ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನತ್ತ ಬಾಗಿದಳು.

"ನಿನ್ನ ಕತೇಲಿ ನಾನೇನಂತೀನಿ?"

"ಇನ್ನೂ ಬರೆದಿಲ್ಲ."

"ಒಳ್ಳೇದಾಯ್ತು. ಪೆನ್ನು ಇಡು."

ಸ್ಪೀಕರ್ ಆರಿಸಿ, ಫೋನು ಕಿವಿಗಿಟ್ಟುಕೊಂಡು ಹಿತ್ತಲಿಗೆ ಹೋಗಿ ಬಾಗಿಲೆಳೆದುಕೊಂಡಳು. ಅಕ್ಸೆಲ್ ಪತ್ರಿಕೆಯಿಂದ ತಲೆಯೆತ್ತಿ "ಏನಂತೆ?" ಅಂದ. ಕೊಡುತ್ತಾಳೋ ಇಲ್ಲವೋ ನನಗೂ ಗೊತ್ತಿಲ್ಲ. ಕಿಟಕಿಯಿಂದ ಕಾಣುವುದು ಇಷ್ಟೇ. ಸೇಬಿನ ಮರದ ಕೆಳಗೆ ಅವಳು ಗಾಳಿಯಲ್ಲಿ ಕೈಯಾಡಿಸಿ ಏನೋ ಒಂದರ ಉದ್ದಗಲ ತೋರಿಸುತ್ತ ಮಾತಾಡುತ್ತಿದ್ದಾಳೆ, ಫೋನಿನಲ್ಲಿ ಮಗಳಿಗೆ ಅದು ಕಾಣುವುದಿಲ್ಲ ಎಂಬುದನ್ನು ಮರೆತು.