ಬಿಸ್ಕತ್ತಿನ ಡಬ್ಬಿಯ ಗುಂಡಿಗಳು

ಪದಕದ ಪಿನ್ನು ದಪ್ಪ ಉಣ್ಣೆಗೆ ಇಳಿಯುತ್ತಿರಲಿಲ್ಲ. ಅಣ್ಣ ಶವಪೆಟ್ಟಿಗೆಯ ಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಅಮ್ಮನ ಬೂದು ಕೋಟಿನ ಎದೆಗೆ ಅದನ್ನು ಒತ್ತುತ್ತಲೇ ಇದ್ದ. ಬದುಕಿದ್ದರೆ ಅಮ್ಮ ಅವನ ಕೈ ತಳ್ಳಿ ತಾನೇ ಚುಚ್ಚಿಕೊಳ್ಳುತ್ತಿದ್ದಳು.

"ಇದು ನಿಮ್ಮ ತಾತಂದು," ಎಂದ ತನ್ನ ಇಬ್ಬರು ಮಕ್ಕಳಿಗೆ. ಅವನು ಹೆಡ್‌ಮಾಸ್ತರು, ಇಬ್ಬರಿಗೆ ಹೇಳುವುದನ್ನೂ ಇಡೀ ಶಾಲೆಗೆ ಕೇಳುವಂತೆ ಹೇಳಿಯೇ ಅಭ್ಯಾಸ. "ಗಡೀಲಿ ಶತ್ರುಗಳ ಎದುರು ನಿಂತವರು ಅವರು. ಅಜ್ಜಿ ವೀರನ ಹೆಂಡತಿ. ಇದನ್ನ ಹಾಕ್ಕೊಂಡೇ ಹೋಗ್ಬೇಕು."

ತಂಗಿ ಕಿಟಕಿಯ ಬಳಿ ಹಲ್ಲು ಕಚ್ಚಿ ನಿಂತಿದ್ದಳು. ಹಾಸಿಗೆ ಹಿಡಿದ ಅಮ್ಮನನ್ನು ಎತ್ತಿ ಕೂರಿಸಿ, ಉಣಿಸಿ, ಒರೆಸಿದವಳು ಅವಳು. ಇವತ್ತು ಕೋಟು ತೊಡಿಸಿದವಳೂ ಅವಳೇ. ಅಣ್ಣ ಬೆಳಿಗ್ಗೆ ಬಂದಿದ್ದ, ಪದಕ ಹಿಡಿದುಕೊಂಡು. ಅಪ್ಪನ ಯುದ್ಧದ ಕತೆಗೆ ಜೀವಮಾನವೆಲ್ಲ ಹೂಂಗುಟ್ಟಿದ ಹೆಂಗಸು ಸತ್ತ ಮೇಲೂ ಅದನ್ನೇ ಹೊತ್ತುಕೊಂಡು ಹೋಗಬೇಕೆ ಎಂದು ಅವಳ ಮೈಯೆಲ್ಲ ಉರಿಯಿತು.

ಮಕ್ಕಳಿಗೆ ಪದಕ ಬೇಗ ಬೇಜಾರಾಯಿತು. ಮೇಜಿನ ಕೆಳಗೆ ತೂರಿ ಅಜ್ಜಿಯ ಬಿಸ್ಕತ್ತಿನ ಡಬ್ಬಿ ತೆರೆದರು. ಅಂಗಿಯ ಗುಂಡಿಗಳು ಗಲಗಲ ಎಂದು ನೆಲಕ್ಕೆ ಸುರಿದವು. ಕೆಂಪು, ನೀಲಿ, ಮೂಳೆಯದು, ಮರದ್ದು, ಯಾವುದೋ ಮಗುವಿನ ಅಂಗಿಯ ಬಾತುಕೋಳಿ ಗುಂಡಿ. ಎಷ್ಟು ಬೇಕಾದರೂ ಆಡಿ, ಆದರೆ ಒಂದೂ ಮನೆಯಾಚೆ ಹೋಗಕೂಡದು ಎಂದು ಅಜ್ಜಿ ಹೇಳುತ್ತಿದ್ದಳು.

"ಎತ್ತಿಡ್ರೋ ಅದನ್ನ! ಸಾವಿನ ಮನೇಲಿ ಆಟ ಆಡ್ತಾರಾ?" ಅಣ್ಣ ಗದರಿದ. "ಆ ಡಬ್ಬೀನ ಇವತ್ತೇ ಕಸಕ್ಕೆ ಹಾಕ್ಬೇಕು."

*

ತಂಗಿ ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ಅವಳ ಶಾಲೆಯ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಡಬ್ಬಿಯಿಂದ ನೀಲಿಯದೊಂದನ್ನು ಆರಿಸಿ, ತಾನೇ ಹೊಲಿದುಕೊಂಡು, ಶಹಭಾಸ್ ಎನ್ನಿಸಿಕೊಳ್ಳಲು ಅಮ್ಮನೆದುರು ನಿಂತಳು.

ಅಮ್ಮ ಕಪಾಳಕ್ಕೆ ಬಾರಿಸಿದಳು. ಕತ್ತರಿ ತಂದು ಗುಂಡಿಯನ್ನು ಬಿಡಿಸಿ ಡಬ್ಬಿಗೆ ಹಾಕಿದಳು.

"ಅದು ನಮ್ದಲ್ಲ," ಎಂದಳು. ಅಷ್ಟೇ.

ಹಾಲು ಚೆಲ್ಲಿದರೂ, ತಟ್ಟೆ ಒಡೆದರೂ ಕೈ ಎತ್ತದ ಅಮ್ಮ. ಹುಡುಗಿ ಆ ದಿನವೆಲ್ಲ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಅಂಗಿಯ ಬಾಯಿ ಮುಚ್ಚಿದ್ದಳು. ಅವಳು ಸಂಜೆ ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಯಾರಿಗೋ ಯುದ್ಧದ ಕತೆ ಹೇಳುತ್ತಿದ್ದ. ಆ ಕತೆಯಲ್ಲಿ ಶತ್ರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು.

*

"ಆ ಡಬ್ಬೀನ ಕಸಕ್ಕಾ?"

ದನಿ ಬಂದದ್ದು ಬಾಗಿಲ ಬಳಿಯ ಕುರ್ಚಿಯಿಂದ. ಮದುವೆಗೆ ಮುಂಚೆ ಅಮ್ಮನ ಜೊತೆ ಹೊಲಿಗೆ ಕೆಲಸ ಮಾಡಿದ ಮುದುಕಿ. ಎಲ್ಲರೂ ಅವಳನ್ನು ಸೂಜಿಯಜ್ಜಿ ಎನ್ನುತ್ತಿದ್ದರು. ಅರ್ಧ ಕೆಲಸಕ್ಕೆ, ಅರ್ಧ ನಾಲಿಗೆಗೆ.

"ಆ ಬಾತುಕೋಳೀದು ಇಲ್ಲಿ ಕೊಡು ಮಗಾ," ಎಂದಳು. ಹುಡುಗ ಕೊಟ್ಟ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. "ಇದು ನನ್ನ ಮೇಜಿಗೇ ಬಂದಿದ್ದು. ನಂಗೆ ಕೈಯೇ ಆಡ್ಲಿಲ್ಲ. ನಿಮ್ಮಜ್ಜಿ ಕತ್ತರಿಸಿ ತಗೊಂಡ್ಲು."

"ಎಲ್ಲಿಂದ ಬಂದಿದ್ದು ಅಜ್ಜೀ?" ಹುಡುಗಿ ಕೇಳಿದಳು.

"ಸತ್ತೋರ ಮೈಮೇಲಿಂದ. ಯುದ್ಧದಲ್ಲಿ ಸೈನಿಕರು ಸತ್ರೆ ಅವ್ರ ಕೋಟು ನಮ್ಮ ಉಗ್ರಾಣಕ್ಕೆ ಬರ್ತಿತ್ತು. ನಾವು ತೂತಿಗೆಲ್ಲ ರಫೂ ಹಾಕಿ ಹೊಸಬ್ರಿಗೆ ಕಳಿಸ್ಬೇಕು. ಪಾಪ, ಆ ಹುಡುಗ್ರು ರಜೇಲಿ ಮನೆಗೆ ಬಂದಾಗ, ಗುಂಡಿ ಕಿತ್ತೋಗಿದ್ರೆ ತಾಯೋ ಹೆಂಡ್ತಿನೋ ಕೈಗೆ ಸಿಕ್ಕಿದ್ದು ಹೊಲಿದು ಕಳಿಸಿರೋರು. ಮಗೂ ಅಂಗೀದೂ ಬಿಡ್ತಿರ್ಲಿಲ್ಲ. ಸೈನ್ಯದ ಕೋಟಲ್ಲಿ ಎಲ್ಲಾ ಒಂದೇ ಥರ ಇರ್ಬೇಕಂತೆ. ಬೇರೆ ಇದ್ರೆ ಕತ್ತರಿಸಿ ಕಸಕ್ಕೆ ಹಾಕಿ ಅಂತ ಹುಕುಂ. ನಿಮ್ಮಜ್ಜಿ ಹಾಕ್ಲಿಲ್ಲ. ಕಾಲುಚೀಲದಲ್ಲಿ ಬಚ್ಚಿಟ್ಕೊಂಡು ಮನೆಗೆ ತರ್ತಿದ್ಲು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗ ಕಾಲ ಕೆಳಗಿದ್ದ ಗುಂಡಿಯಿಂದ ಪಾದ ಎತ್ತಿದ.

"ಯಾರೂ ಹಿಡೀಲಿಲ್ವಾ?"

"ಗೇಟಲ್ಲಿ ಹಿಡಿದ್ನಲ್ಲ, ನಿಮ್ಮ ತಾತ! ಹಿಡಿದೋನು ಬಿಟ್ಬಿಟ್ಟ. ಆಮೇಲೆ ಮದುವೇನೇ ಆದ. ಕೋಟಿನ ಗಂಟು ಎಣಿಸೋ ಕೆಲಸ ಅವಂದು."

"ಅಪ್ಪ ಗಡೀಲಿ ಇದ್ರಲ್ವಾ?" ತಂಗಿ ಕಿಟಕಿ ಬಿಟ್ಟು ಮುಂದೆ ಬಂದಳು.

"ಯಾವ ಗಡಿ? ಉಗ್ರಾಣದ ಗೇಟೇ ಅವನ ಗಡಿ. ಪದಕ ಅಲ್ಲಿದ್ದ ಗಂಡಸರಿಗೆಲ್ಲ ಕೊಟ್ರು, ಚಹಾ ತರೋನಿಗೂ. ನಾವು ಹೆಂಗಸರು ದಿನಗೂಲಿ. ನಮ್ದು ಸೇವೆ ಅಲ್ವಂತೆ."

ಉತ್ತರನ ಪೌರುಷ ಒಲೆಯ ಮುಂದೆ! ತಂಗಿ ಅಣ್ಣನ ಕಡೆ ತಿರುಗಿದಳು. ಅವನು ಬೆಚ್ಚಿರಲಿಲ್ಲ, ಪದಕವನ್ನು ನೇರ ಮಾಡುತ್ತಿದ್ದ.

"ನಿಂಗೆ ಗೊತ್ತಿತ್ತು."

"ಮೆಲ್ಲಗೆ ಮಾತಾಡು. ಹೊತ್ಕೊಳ್ಳೋರು ಬಂದು ನಿಂತಿದಾರೆ."

"ಗೊತ್ತಿತ್ತೋ ಇಲ್ವೋ?"

"ಶಾಲೇಲಿ ಅಪ್ಪನ ಬಗ್ಗೆ ಮೊದಲ್ನೇ ಸಲ ಭಾಷಣ ಮಾಡಿ ಬಂದಾಗ ಅಮ್ಮ ಕರೆದು ಹೇಳಿದ್ಲು. ಅಪ್ಪ ಇರೋವರ್ಗೂ ಬಾಯಿ ಬಿಡ್ಬೇಡ ಅಂದ್ಲು."

"ಅಪ್ಪ ಹೋಗಿ ಎಷ್ಟು ಕಾಲ ಆಯ್ತು!"

"ಅಷ್ಟೊತ್ತಿಗೆ ಅವ್ರ ಫೋಟೋ ಶಾಲೇಲಿ ಹಾಕಿಸಿಬಿಟ್ಟಿದ್ದೆ. ಇಳಿಸೋಕಾಗುತ್ತಾ?"

ಅಪ್ಪನ ಮೇಲೆ ಬಂದ ಸಿಟ್ಟು ಅಣ್ಣನ ಮೇಲೂ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚು ಬಂದದ್ದು ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದವಳ ಮೇಲೆ. ಮಗನನ್ನು ಕರೆದು ಕೂರಿಸಿ ನಿಜ ಹೇಳಿದಳು. ಮಗಳಿಗೆ ಕೊಟ್ಟದ್ದು ಕಪಾಳಕ್ಕೊಂದು ಏಟು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದೆವಲ್ಲೇ ಅಮ್ಮ, ನನಗೆ ಒಂದು ಮಾತು ಹೇಳೋಕೆ ನಿನಗೇನಾಗಿತ್ತು ದಾಡಿ?

ಅವಳು ಪೆಟ್ಟಿಗೆಯ ಬಳಿ ಹೋಗಿ ಪದಕ ಹಿಡಿದು ಎಳೆದಳು. ಪಿನ್ನು ಉಣ್ಣೆಯನ್ನು ಪರ್ರನೆ ಹರಿದುಕೊಂಡು ಬಂತು.

"ಏನಿದು? ಜನ ನೋಡ್ತಿದಾರೆ!"

"ನೋಡ್ಲಿ. ಇದನ್ನೂ ನಿನ್ನ ಶಾಲೆ ಗೋಡೆಗೇ ಹೊಡ್ಕೋ." ಪದಕವನ್ನು ಅಣ್ಣನ ಜೇಬಿಗೆ ತುರುಕಿದಳು.

ಕೋಟಿನ ಎದೆಯಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಒಳಗಿನ ಬಿಳಿ ಅಸ್ತರಿ ಕಾಣುತ್ತಿತ್ತು. ಹೊರುವವರಲ್ಲಿ ಹಿರಿಯ ಬಾಗಿಲಲ್ಲಿ ಇಣುಕಿದ. "ಹೊತ್ತಾಯ್ತು, ಅಮ್ಮಾ."

"ಕಾಯ್ರಿ."

ಅಮ್ಮನ ಸೂಜಿ ತಂದಳು. ಕೋಟಿನ ಒಳಅಂಚಿನಿಂದಲೇ ಉಣ್ಣೆಯ ಎಳೆಯೊಂದನ್ನು ಹಿರಿದು ಪೋಣಿಸಿದಳು. ರಫೂವಿಗೆ ಅದೇ ಬಟ್ಟೆಯ ದಾರ ಬೇಕು ಎಂದು ಕಲಿಸಿದವಳೂ ಅಮ್ಮನೇ. ಅಣ್ಣನ ಮಗಳು ಪಕ್ಕಕ್ಕೆ ಬಂದು ಅಂಗೈ ಚಾಚಿದಳು. ಅದರಲ್ಲಿ ಆ ನೀಲಿ ಗುಂಡಿಯಿತ್ತು.

"ಅತ್ತೆ, ಇದನ್ನ ಹೊಲಿದ್ರೆ ತೂತು ಮುಚ್ಚುತ್ತೆ."

ಅವಳು ಆ ಗುಂಡಿಯನ್ನೇ ನೋಡಿದಳು.

"ಅದು ನಮ್ದಲ್ಲ ಕಣೇ," ಎಂದಳು.

ಹುಡುಗಿ ಅದನ್ನು ಡಬ್ಬಿಗೆ ಹಾಕಿದಳು. ಅವಳ ತಮ್ಮ ಸೂಜಿಯಜ್ಜಿಯ ಕೈಲಿದ್ದ ಬಾತುಕೋಳಿಯನ್ನೂ ನೆಲದ ಮೇಲಿದ್ದ ಉಳಿದವನ್ನೂ ಒಂದೊಂದಾಗಿ, ಸದ್ದಾಗದಂತೆ ಒಳಗಿಟ್ಟ. ಇಬ್ಬರೂ ಸೇರಿ ಮುಚ್ಚಳ ಒತ್ತಿದರು.

ತಂಗಿ ಅಮ್ಮನ ಎದೆಯ ಮೇಲೆ ಬಗ್ಗಿ ಮೊದಲ ಎಳೆ ಎಳೆದಳು. ಸೂಜಿಯಜ್ಜಿ ಕೋಲೂರಿ ಹತ್ತಿರ ಬಂದು ನೋಡಿದಳು.

"ಇನ್ನೂ ಸಣ್ಣಕ್ಕೆ ಹಾಕು," ಎಂದಳು.

ಹೊರಗೆ ಶವದ ವ್ಯಾನು ಗುರುಗುಡುತ್ತಿತ್ತು. "ಅದನ್ನ ನಿಲ್ಲಿಸೋಕೆ ಹೇಳಿ," ಎಂದಳು ತಂಗಿ, ತಲೆ ಎತ್ತದೆ. ಯಾರೋ ಹೋಗಿ ಹೇಳಿದರು. ಎಂಜಿನ್ ನಿಂತಿತು. ಹೊರುವವರು ಹೆಗಲ ಮೇಲಿನ ಹಗ್ಗ ಇಳಿಸಿ ಗೋಡೆಗೊರಗಿದರು, ಉಣ್ಣೆಯಲ್ಲಿ ಎಳೆ ಹಾಯುವ ಸದ್ದು ಕೋಣೆಗೆಲ್ಲ ಕೇಳಿಸತೊಡಗಿತು.